ಹಿಟ್ಟಿನ ಕೋಳಿ: ಒಂದು ಕಥೆ, ಎರಡು ಪಾಠ

ಒಂದೇ ಕಥೆಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದಾಗ ಕೇಳುವವರಲ್ಲಿ ಮೊದಲು ಏಳುವ ಪ್ರಶ್ನೆ 'ಯಾವುದು ಸರಿ?' ಎಂಬುದು. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ 'ಕೆಡಿಸಿದವರು ಯಾರು?' ಎಂಬುದು. ಮೊದಲನೆಯದು ಜಿಜ್ಞಾಸೆ, ಎರಡನೆಯದು ಕಷಾಯ. ಇವೆರಡರ ಅಂತರವನ್ನು ಅರಿಯದೆ ನಾನು ನಲವತ್ತು ವರ್ಷಗಳನ್ನು ಕಳೆದೆನೆಂಬುದು ಕಳೆದ ವರ್ಷ ಮೊಮ್ಮಗಳ ಕಾಲೇಜಿನ ಒಂದು ಪ್ರಬಂಧದ ನೆಪದಿಂದ ನನಗೆ ತಿಳಿಯಿತು. ಆ ಪ್ರಸಂಗವನ್ನೂ ಅದರಿಂದ ಹುಟ್ಟಿದ ವಿಚಾರವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವಿದ್ವಾಂಸನಲ್ಲ. ಬಿ.ಕಾಂ. ಮುಗಿಸಿ ಸಾರಕ್ಕಿಯಲ್ಲಿ ಪಾತ್ರೆ ವ್ಯಾಪಾರಕ್ಕೆ ಕುಳಿತವನು. ಬಿಡುವು ಸಿಕ್ಕಾಗ ನಮ್ಮ ಗ್ರಂಥಗಳನ್ನು ಓದಿಕೊಂಡವನು. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.

ನನ್ನ ಮಗಳ ಮಗಳು ಪದವಿ ತರಗತಿಯಲ್ಲಿ ಸಾಹಿತ್ಯವನ್ನು ಅಭ್ಯಾಸ ಮಾಡುತ್ತಿದ್ದಾಳೆ. ಒಂದೇ ಕಥೆಯ ಎರಡು ರೂಪಗಳನ್ನು ಹೋಲಿಸಿ ಹತ್ತು ಪುಟಗಳ ಪ್ರಬಂಧವನ್ನು ಬರೆಯಬೇಕೆಂದು ಆಕೆಯ ಅಧ್ಯಾಪಕರು ವಿಧಿಸಿದ್ದರು. ಮನೆಯಲ್ಲಿ ಬಾಲ್ಯದಿಂದ ಕೇಳಿದ ಕಥೆಯೆಂದು ಆಕೆ ಯಶೋಧರನ ಕಥೆಯನ್ನೇ ಆರಿಸಿಕೊಂಡಳು. ಒಂದು ಕಡೆ ಜನ್ನನ 'ಯಶೋಧರ ಚರಿತೆ'. ಇನ್ನೊಂದು ಕಡೆ ಗಿರೀಶ ಕಾರ್ನಾಡರು 1980ರಲ್ಲಿ ಕನ್ನಡದಲ್ಲಿ ಬರೆದ 'ಹಿಟ್ಟಿನ ಹುಂಜ'ವನ್ನು ಮುಂದೆ ತಾವೇ ಇಂಗ್ಲಿಷಿನಲ್ಲಿ ಮರುರಚಿಸಿದ 'ಬಲಿ' ಎಂಬ ನಾಟಕ. ಈ ಇಂಗ್ಲಿಷ್ ರೂಪ 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ರಂಗಕ್ಕೆ ಬಂದಿತು. ಆಕೆಯ ಪಠ್ಯದಲ್ಲಿದ್ದುದೂ ಇದೇ.

ಎರಡು ವಾರ ಹುಡುಗಿ ಕಷ್ಟಪಟ್ಟಳು. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಜನ್ನ, ಬಲಕ್ಕೆ ಕಾರ್ನಾಡ ಎಂದು ಬರೆದು, ಇಪ್ಪತ್ತಮೂರು ವ್ಯತ್ಯಾಸಗಳನ್ನು ಪಟ್ಟಿ ಮಾಡಿದಳು. ಅದನ್ನೇ ವಾಕ್ಯಗಳಾಗಿ ಬಿಡಿಸಿ ಅಧ್ಯಾಪಕರಿಗೆ ತೋರಿಸಿದಾಗ, 'ಪಟ್ಟಿ ಇದೆ, ಪ್ರಬಂಧ ಇಲ್ಲ' ಎಂದು ಅವರು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಒಂದು ಭಾನುವಾರ ಆ ಹಾಳೆಗಳನ್ನು ಹಿಡಿದು ಸಾರಕ್ಕಿಯ ನಮ್ಮ ಮನೆಗೆ ಬಂದಳು. ಕಣ್ಣಿನಲ್ಲಿ ನೀರಿತ್ತು. "ತಾತ, ವ್ಯತ್ಯಾಸ ಎಲ್ಲಾ ಗೊತ್ತು. ಅದರಿಂದ ಏನು ಹೇಳಬೇಕು ಅನ್ನೋದೇ ಗೊತ್ತಾಗ್ತಿಲ್ಲ" ಎಂದಳು.

ನನಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಏಕೆಂದರೆ ಏನು ಹೇಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ನಾನು ಭಾವಿಸಿದ್ದೆ. ಅಂದು ರಾತ್ರಿ ಊಟವಾದ ಮೇಲೆ ಆಕೆಯ ನೋಟುಪುಸ್ತಕದಲ್ಲಿಯೇ ಮೂರು ಪುಟಗಳನ್ನು ಒಂದೇ ಉಸಿರಿನಲ್ಲಿ ಬರೆದೆ. ಜನ್ನನು ಹೇಳಿದುದು ಧರ್ಮಕಥೆ; ನಾಟಕಕಾರರು ಅದರಿಂದ ಧರ್ಮವನ್ನು ತೆಗೆದು ವ್ಯಭಿಚಾರವನ್ನು ಮಾತ್ರ ಉಳಿಸಿಕೊಂಡರು ಎಂಬುದು ಅದರ ತಾತ್ಪರ್ಯ. ಬೆಳಿಗ್ಗೆ ಪುಸ್ತಕವನ್ನು ಆಕೆಯ ಕೈಗಿತ್ತು, "ನಿನ್ನ ಅಕ್ಷರದಲ್ಲಿ ಇಳಿಸಿಕೊಂಡು ಕೊಟ್ಟುಬಿಡು ಮಗು. ಯಾರಿಗೂ ನಷ್ಟವಿಲ್ಲ. ಹೆಸರಿಗೊಂದು ಪ್ರಬಂಧ ತಾನೆ" ಎಂದೆ.

ಆಕೆ ಓದಿದಳು. ಬಹಳ ಹೊತ್ತು ಸುಮ್ಮನಿದ್ದು, "ತಾತ, ನೀವು ಈ ನಾಟಕ ಓದಿದ್ದೀರಾ?" ಎಂದು ಕೇಳಿದಳು.

ನಾನು ಓದಿರಲಿಲ್ಲ.

ಅದು ಪ್ರಕಟವಾದ ಕಾಲದಲ್ಲಿ ನಾನು ಕಾಲೇಜಿನ ವಿದ್ಯಾರ್ಥಿ. ಹಿರಿಯರೊಬ್ಬರು ಅದನ್ನು ಕಟುವಾಗಿ ಟೀಕಿಸಿದ್ದನ್ನು ಕೇಳಿದ್ದೆ. ಆ ಮಾತನ್ನೇ ನನ್ನದಾಗಿಸಿಕೊಂಡು, ದಶಲಕ್ಷಣ ಪರ್ವದ ಸ್ವಾಧ್ಯಾಯ ಸಭೆಗಳಲ್ಲಿ, ಮದುವೆಮನೆಗಳಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಎಷ್ಟೋ ಸಲ ಆಡಿದ್ದೆ. ಪುಸ್ತಕವನ್ನು ಮಾತ್ರ ಕೈಯಿಂದ ಮುಟ್ಟಿರಲಿಲ್ಲ. ಅಂಗಡಿಯಲ್ಲಿ ತೂಕ ಮಾಡದೆ ಒಂದು ಹಿತ್ತಾಳೆಯ ಚೊಂಬಿಗೂ ನಾನು ಬೆಲೆ ಹೇಳಿದವನಲ್ಲ. ಒಬ್ಬ ಲೇಖಕನ ಶ್ರಮಕ್ಕೆ ಮಾತ್ರ ತೂಗದೆಯೇ ಬೆಲೆ ಕಟ್ಟಿದ್ದೆ. ಮೊಮ್ಮಗಳ ಮುಂದೆ ನಾಚಿಕೆಯಾಯಿತು. ಅವಳ ಪುಸ್ತಕವನ್ನು ಕೇಳಿ ಪಡೆದು, ಮುಂದಿನ ಮೂರು ಸಂಜೆ ಅಂಗಡಿಗೆ ಬೇಗ ಬೀಗ ಹಾಕಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಜನ್ನನನ್ನೂ ಹೊಸದಾಗಿ ಮೊದಲಿನಿಂದ ಓದಿದೆ.

ವಿಷಯದ ಸ್ಪಷ್ಟತೆಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ರಾಜಪುರದ ಅರಸನಾದ ಮಾರಿದತ್ತನು ಚಂಡಮಾರಿ ದೇವತೆಗೆ ಜೀವಬಲಿ ಕೊಡಲು ಸಿದ್ಧನಾಗಿದ್ದಾನೆ. ನರಬಲಿಗೆಂದು ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಸಾವಿನ ಎದುರಿನಲ್ಲಿಯೂ ಅಳುಕದ ಅವರನ್ನು ಕಂಡು ಅರಸನು ಬೆರಗಾಗಿ, ನೀವು ಯಾರೆಂದು ಕೇಳುತ್ತಾನೆ. ಆಗ ಅಭಯರುಚಿ ತಮ್ಮ ಭವಾವಳಿಯನ್ನು ಹೇಳತೊಡಗುತ್ತಾನೆ. ಹಿಂದೆ ತಾನು ಉಜ್ಜಯಿನಿಯ ಅರಸ ಯಶೋಧರ. ಈ ತಂಗಿ ಆಗ ತನ್ನ ತಾಯಿ ಚಂದ್ರಮತಿ. ರಾಣಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋತು, ವಿಕಾರರೂಪಿಯಾದ ಮಾವುತನಿಗೆ ಒಲಿಯುತ್ತಾಳೆ. ಅರಸನು ಅದನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗುತ್ತಾನೆ. ತಾಯಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿಯ ಹಟ. ಜೀವವನ್ನು ಕೊಲ್ಲೆನೆಂದು ಮಗನ ನಿಲುವು. ಕೊನೆಗೆ ಇಬ್ಬರಿಗೂ ಒಪ್ಪುವಂತೆ ತೋರಿದ ಮಾರ್ಗವೇ ಹಿಟ್ಟಿನ ಕೋಳಿ.

ಕೋಳಿಯ ಅಂದಕ್ಕೆ ಮರುಳಾದ ಬೆಂತರವೊಂದು ಅದರೊಳಗೆ ಹೊಕ್ಕಿತ್ತು. ಕತ್ತಿಯೇಟು ಬಿದ್ದಾಗ ಅದು ಕೂಗಿತು ಎನ್ನುತ್ತಾನೆ ಜನ್ನ. ಮುಂದೆ ತಾಯಿಮಕ್ಕಳಿಬ್ಬರೂ ಅಮೃತಮತಿಯಿಕ್ಕಿದ ವಿಷದಿಂದ ಸತ್ತು, ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿ, ತಮ್ಮವರ ಕೈಯಲ್ಲೇ ಸಾಯುತ್ತ ಬರುತ್ತಾರೆ. ಕಟ್ಟಕಡೆಗೆ ಯಶೋಧರನು ತನ್ನ ಮಗನಿಗೇ ಮಗನಾಗಿ, ತಾಯಿಯು ಅವನ ಜೊತೆಗೆ ತಂಗಿಯಾಗಿ ಹುಟ್ಟುತ್ತಾರೆ. ಕಥೆಯನ್ನು ಕೇಳಿ ಮುಗಿಸಿದ ಮಾರಿದತ್ತನ ಕತ್ತಿ ಕೆಳಗಿಳಿಯುತ್ತದೆ. ದೇವತೆಯೂ ಬಲಿಯನ್ನು ತೊರೆಯುತ್ತಾಳೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನನು ಇದನ್ನು 1209ರಲ್ಲಿ ನಾಲ್ಕು ಅವತಾರಗಳಲ್ಲಿ, ಬಹುಪಾಲು ಕಂದಪದ್ಯಗಳಲ್ಲಿ ರಚಿಸಿದನು. ಆದರೆ ಕಥೆ ಅವನಿಂದ ಆರಂಭವಾದದ್ದಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ ಗ್ರಂಥದಲ್ಲಿ ಇದು ಬರುತ್ತದೆ. 959ರಲ್ಲಿ ಸೋಮದೇವಸೂರಿಗಳು 'ಯಶಸ್ತಿಲಕ ಚಂಪು'ವನ್ನು ಸಂಸ್ಕೃತದಲ್ಲಿ ಬರೆದರು. ಅದೇ ಶತಮಾನದಲ್ಲಿ ಮಾನ್ಯಖೇಟದ ಪುಷ್ಪದಂತನು ಅಪಭ್ರಂಶದಲ್ಲಿ ಬರೆದನು. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜರು ಮತ್ತೆ ಸಂಸ್ಕೃತದಲ್ಲಿ ಬರೆದರು. ಜನ್ನನು ಹೆಚ್ಚಾಗಿ ಅನುಸರಿಸಿದ್ದು ವಾದಿರಾಜರನ್ನು. ಸೋಮದೇವರಲ್ಲಿ ಬಲಿಯ ಕುರಿತು ತಾಯಿಮಗನ ನಡುವೆ ಶಾಸ್ತ್ರಾರ್ಥದಂಥ ದೀರ್ಘ ವಾದವಿದೆ; ಜನ್ನನು ಅಂಥ ವಾದವನ್ನು ಕೆಲವೇ ಪದ್ಯಗಳಿಗೆ ಇಳಿಸಿ, ಆ ಇರುಳಿನ ಹಾಡಿಗೂ ಅಮೃತಮತಿಯ ಮನಸ್ಸಿಗೂ ಎಡೆಮಾಡಿಕೊಟ್ಟನು. ಇವರಲ್ಲಿ ಯಾರನ್ನೂ ನಾವು ಕಥೆ ಕೆಡಿಸಿದವರೆಂದು ಕರೆದಿಲ್ಲ. 'ಪರಂಪರೆ' ಎಂದು ಕರೆದಿದ್ದೇವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 941ರಲ್ಲಿ ಪಂಪನು ವ್ಯಾಸರ ಭಾರತವನ್ನು ಕನ್ನಡಿಸುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ; ಇದು ವಿಮಲಸೂರಿಗಳ ಕಾಲದಿಂದ ಬಂದ ನಮ್ಮ ಪಾಠ. ರಾಮನ ಕೈಗೆ ಕೊಲೆಯ ಕಳಂಕ ತಟ್ಟಬಾರದೆಂಬುದು ಇದರ ಹಿಂದಿನ ಭಾವ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ರಾಮಾಯಣದ ಹಲವು ಪಾಠಗಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಈ ಜೈನ ಪಾಠಕ್ಕೆ ಗೌರವದ ಸ್ಥಾನವಿದೆ. ಆ ಪ್ರಬಂಧವನ್ನು 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯವು ಪಠ್ಯದಿಂದ ಕೈಬಿಟ್ಟಾಗ ನಾನು ಮಿತ್ರರೊಂದಿಗೆ ಕುಳಿತು ಖಂಡಿಸಿದ್ದೆ. ನಮ್ಮವರು ಇತರರ ಕಥೆಯನ್ನು ಬದಲಿಸಿದರೆ ಅದು ದೃಷ್ಟಿಭೇದ. ಇತರರು ನಮ್ಮ ಕಥೆಯನ್ನು ಬದಲಿಸಿದರೆ ಅದು ಅಪಚಾರ! ಒಂದೇ ತಕ್ಕಡಿಯಲ್ಲಿ ಕೊಳ್ಳುವಾಗ ಒಂದು ಬಟ್ಟು, ಮಾರುವಾಗ ಇನ್ನೊಂದು ಬಟ್ಟು ಇಡುವ ವ್ಯಾಪಾರಿಗೆ ಅಸ್ತೇಯವ್ರತದಲ್ಲಿ ಏನು ಅತಿಚಾರ ಹೇಳಿದೆಯೆಂಬುದು ವಾಚಕರಿಗೆ ಗೊತ್ತೇ ಇದೆ.

ಇಷ್ಟು ವಿಚಾರ ಮಾಡಿಕೊಂಡ ಮೇಲೆ ಮೊಮ್ಮಗಳನ್ನು ಕರೆದು, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೇಳಿಕೊಟ್ಟೆ. ವಾಣಿಜ್ಯಶಾಸ್ತ್ರದಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಎಂಬ ಪಾಠವಿದೆ. ನಮ್ಮ ನಗದು ಪುಸ್ತಕದ ಬಾಕಿಗೂ ಬ್ಯಾಂಕಿನ ಪಾಸ್‌ಬುಕ್ಕಿನ ಬಾಕಿಗೂ ತಾಳೆಯಾಗದಿದ್ದರೆ, ಎರಡರಲ್ಲಿ ಒಂದು ಸುಳ್ಳೆಂದು ತೀರ್ಮಾನಿಸುವುದಿಲ್ಲ. ಒಂದೊಂದು ವ್ಯತ್ಯಾಸದ ಪಕ್ಕದಲ್ಲಿ ಅದರ ಕಾರಣವನ್ನು ಬರೆಯುತ್ತೇವೆ: ಈ ಚೆಕ್ಕು ಕೊಟ್ಟಾಗಿದೆ, ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಈ ಬಡ್ಡಿ ಬ್ಯಾಂಕಿಗೆ ಗೊತ್ತು, ನಮಗೆ ಗೊತ್ತಿಲ್ಲ. ಕಾರಣ ಸಿಕ್ಕಿದರೆ ಎರಡು ಪುಸ್ತಕಗಳೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೆಂದು ಕಾಣುತ್ತದೆ. "ನಿನ್ನ ಪಟ್ಟಿಯನ್ನು ಹಾಗೇ ಇಟ್ಟುಕೋ. ಪಕ್ಕದಲ್ಲಿ ಮೂರನೆಯ ಅಂಕಣ ಎಳೆದು, ಪ್ರತಿಯೊಂದಕ್ಕೂ 'ಏಕೆ' ಎಂದು ಬರಿ" ಎಂದೆ.

ಆಕೆ ಬರೆಯತೊಡಗಿದಳು, ನಾನೂ ಪಕ್ಕದಲ್ಲಿ ಕುಳಿತು ನನ್ನದೊಂದು ಹಾಳೆಯಲ್ಲಿ ಬರೆದೆ. ಕೆಲವಕ್ಕೆ ಕಾರಣ ಸುಲಭವಾಗಿ ಸಿಕ್ಕಿತು. ಕೆಲವಕ್ಕೆ ಸಿಗಲಿಲ್ಲ. ಅಂಥ ಕಡೆಗಳಲ್ಲೆಲ್ಲ ನಾನು 'ನಾಟಕಕಾರರಿಗೆ ಜೈನಧರ್ಮದ ಪರಿಚಯ ಸಾಲದು' ಎಂದು ಬರೆದುಬಿಟ್ಟಿದ್ದೆ. ಲೆಕ್ಕ ಬಲ್ಲವರಿಗೆ ಸಸ್ಪೆನ್ಸ್ ಅಕೌಂಟ್ ಎಂಬುದು ಗೊತ್ತು. ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅದರಲ್ಲಿ ಹಾಕುತ್ತಾರೆ. ವರ್ಷಾನುಗಟ್ಟಲೆ ಅಲ್ಲಿಯೇ ಬಿಡುವವನು ಲೆಕ್ಕಿಗನಲ್ಲ. ನಾನಾದರೋ ನನಗೆ ಅರ್ಥವಾಗದ್ದನ್ನೆಲ್ಲ ಇನ್ನೊಬ್ಬರ ಅಜ್ಞಾನದ ಖಾತೆಗೆ ಖರ್ಚು ಬರೆದಿದ್ದೆ.

ಆ ಹಾಳೆಯನ್ನು ಹರಿದು ಮತ್ತೆ ನಾಟಕವನ್ನು ತೆರೆದೆ. ಅಲ್ಲಿರುವವರು ನಾಲ್ವರೇ: ರಾಜ, ರಾಣಿ, ರಾಜಮಾತೆ, ಮಾವುತ. ನಡೆಯುವುದು ಒಂದೇ ರಾತ್ರಿ, ಒಂದು ಹಾಳು ದೇಗುಲದಲ್ಲಿ. ಮಾರಿದತ್ತನಿಲ್ಲ, ಅಭಯರುಚಿಯಿಲ್ಲ, ಭವಾವಳಿಯಿಲ್ಲ, ವಿಷವೂ ಇಲ್ಲ. ನನ್ನ ಗಮನವನ್ನು ಸೆಳೆದದ್ದು ಬೇರೆ. ಅಲ್ಲಿ ಹುಟ್ಟಿನಿಂದ ಜೈನಳಾದವಳು ರಾಣಿ. ರಾಜನು ಅವಳಿಗಾಗಿ ಆ ಧರ್ಮವನ್ನು ಸ್ವೀಕರಿಸಿದವನು. ತಾಯಿ ತನ್ನ ಹಳೆಯ ಆರಾಧನೆಯನ್ನು ಬಿಡದವಳು. ಹಿಟ್ಟಿನಿಂದ ಮಾಡಿದ್ದಾದರೂ ಕೊಲ್ಲುವ ಸಂಕಲ್ಪವಿದ್ದಲ್ಲಿ ಅದು ಹಿಂಸೆಯೇ ಎಂದು ಕಟುವಾಗಿ ವಾದಿಸುವವಳು ಆ ರಾಣಿ. ಯಾರನ್ನು ನಮ್ಮ ಪುರಾಣ ಪತಿತೆಯೆಂದಿತೋ ಅವಳ ಬಾಯಿಂದಲೇ ನಮ್ಮ ಆಚಾರ್ಯರ ಸಿದ್ಧಾಂತ ಬರುತ್ತದೆ. ಕೊನೆಗೆ ಕತ್ತಿಗೆ ಮೈಯೊಡ್ಡಿ ಸಾಯುವವಳೂ ಅವಳೇ. ಇಂಥ ನಾಟಕವನ್ನು 'ಧರ್ಮವನ್ನು ತೆಗೆದುಹಾಕಿದ ಕೃತಿ'ಯೆಂದು ನಾನು ಓದದೆಯೇ ಸಾರಿದ್ದೆ!

ಸಂಕಲ್ಪಹಿಂಸೆಯ ವಿಚಾರದಲ್ಲಿ ನಮ್ಮ ಶಾಸ್ತ್ರದ ನಿಲುವು ಸ್ಪಷ್ಟವಾಗಿದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಅಡುಗೆ, ಬೇಸಾಯ, ವ್ಯಾಪಾರ, ಆತ್ಮರಕ್ಷಣೆ ಇವುಗಳಲ್ಲಿ ಗೃಹಸ್ಥನು ಪೂರ್ಣವಾಗಿ ತಪ್ಪಿಸಿಕೊಳ್ಳಲಾರದ ಹಿಂಸೆಯಿದೆ. ಆದರೆ ಸಂಕಲ್ಪಪೂರ್ವಕವಾದ ಹಿಂಸೆಯನ್ನು ಆತನು ಸಂಪೂರ್ಣ ತ್ಯಜಿಸಲೇಬೇಕು. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೂ ಮೊದಲು ಪ್ರಮಾದವನ್ನು ಇಟ್ಟರು. ಅಮೃತಚಂದ್ರ ಸೂರಿಗಳು, ರಾಗಾದಿ ಭಾವಗಳು ಮನಸ್ಸಿನಲ್ಲಿ ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ತಂದುಲ ಮತ್ಸ್ಯದ ಕಥೆಯನ್ನು ಮಕ್ಕಳಿಗೆ ಹೇಳದ ಜೈನ ಮನೆಯಿಲ್ಲ. ಮಹಾಮತ್ಸ್ಯದ ಬಾಯಿಯಲ್ಲಿ ಹೋಗಿಬರುವ ಮೀನುಗಳನ್ನು ನೋಡಿ, 'ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ' ಎಂದು ಬಯಸಿದ ಅಕ್ಕಿಕಾಳಿನಷ್ಟು ಮೀನು, ಒಂದು ಜೀವವನ್ನೂ ಕೊಲ್ಲದೆಯೇ ಏಳನೆಯ ನರಕಕ್ಕೆ ಹೋಯಿತು. ದ್ರವ್ಯಹಿಂಸೆಗಿಂತ ಭಾವಹಿಂಸೆ ಭಾರವಾದುದೆಂಬುದು ತಾತ್ಪರ್ಯ.

ಈ ತತ್ತ್ವದಲ್ಲಿ ಜನ್ನನಿಗೂ ಕಾರ್ನಾಡರಿಗೂ ಭೇದವಿಲ್ಲವೆಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಹಿಟ್ಟಿನ ಕೋಳಿ ನಿರಪಾಯವಾದುದೆಂದು ಇಬ್ಬರಲ್ಲಿ ಯಾರೂ ಹೇಳುವುದಿಲ್ಲ. ಜನ್ನನಲ್ಲಿ ಅದರ ಫಲ ಜನ್ಮಜನ್ಮಾಂತರಗಳಲ್ಲಿ ಹರಡಿಕೊಂಡಿದೆ. ನಾಟಕದಲ್ಲಿ ಮುಂದಿನ ಜನ್ಮವಿಲ್ಲ. ಆದ್ದರಿಂದ ಫಲವು ಅದೇ ರಾತ್ರಿ, ಅದೇ ರಂಗದ ಮೇಲೆ ಬಂದೇ ತೀರಬೇಕು. ಕರ್ಮಸಿದ್ಧಾಂತವನ್ನು ಒಪ್ಪಿದ ಪ್ರೇಕ್ಷಕರು ಇಂದಿನ ರಂಗಮಂದಿರದಲ್ಲಿ ಎಲ್ಲರೂ ಇರಲಾರರು. ಅವರಿಗೂ ಹಿಟ್ಟಿನ ಕೋಳಿಯ ಭಾರ ತಿಳಿಯಬೇಕಾದರೆ ಯಾರಾದರೂ ಕಣ್ಣೆದುರಿಗೆ ಬೀಳಬೇಕಾಗುತ್ತದೆ. ಕಾರಣದ ಅಂಕಣ ತುಂಬತೊಡಗಿತು.

ಹಾಗಾದರೆ ಎರಡೂ ಒಂದೇ ಎನ್ನೋಣವೇ? ಹಾಗೆನ್ನುವುದು ಅನೇಕಾಂತವಲ್ಲ, ಆಲಸ್ಯ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂಬ ಸಂಶಯವಲ್ಲ. 'ಈ ನೆಲೆಯಿಂದ ನೋಡಿದರೆ ಹೀಗೆಯೇ' ಎಂಬ ನಿಶ್ಚಯ. ಎಲ್ಲವೂ ಸರಿಯೆನ್ನುವವನು ಯಾವ ನೆಲೆಯಲ್ಲಿಯೂ ನಿಂತು ನೋಡಿಲ್ಲವೆಂದೇ ಅರ್ಥ. ಎರಡು ಪಾಠಗಳ ನಡುವಿನ ನಿಜವಾದ ಭೇದ ಎಲ್ಲಿದೆಯೆಂದು ನಾನು ಹುಡುಕುತ್ತಿದ್ದಾಗ, ಅದನ್ನು ಕಂಡುಹಿಡಿದವಳು ನನ್ನ ಮೊಮ್ಮಗಳು. "ತಾತ, ಜನ್ನನಲ್ಲಿ ಕಥೆ ಹೇಳ್ತಿರೋನು ಯಾರು? ಇನ್ನೇನು ಕೊಲೆಯಾಗಬೇಕಾಗಿರೋ ಹುಡುಗ. ಕೇಳ್ತಿರೋನು ಕತ್ತಿ ಹಿಡಿದವನು. ನಾಟಕದಲ್ಲಿ ಆ ಜಾಗ ಖಾಲಿ ಇದೆ. ಅಲ್ಲಿ ಕೂತಿರೋರು ನಾವು" ಎಂದಳು.

ನನಗೆ ಮಾತು ಹೊರಡಲಿಲ್ಲ. ಐವತ್ತು ವರ್ಷಗಳಿಂದ ಬಲ್ಲ ಕಥೆಯಲ್ಲಿ ಈ ಅಂಶದ ಬೆಲೆಯನ್ನು ನಾನು ಅರಿತಿರಲಿಲ್ಲ. ಜನ್ನನ ಕಥೆ ಒಂದು ಕೊಲೆಯನ್ನು ತಡೆಯಲೆಂದು ಹೇಳಿದ ಕಥೆ. ಅದು ಸರಿಯಾಗಿ ಕೇಳಿಸದಿದ್ದರೆ ಇಬ್ಬರು ಮಕ್ಕಳು ಸಾಯುತ್ತಾರೆ. ಹೇಳುವವನಿಗೆ ಕೇಳುವವನ ಮೇಲೆ ಕೋಪವಿಲ್ಲ. ಏಕೆಂದರೆ ಕತ್ತಿ ಹಿಡಿದು ನಿಲ್ಲುವುದೆಂದರೇನೆಂದು ಅವನಿಗೂ ಗೊತ್ತು, ತಾನೂ ಒಮ್ಮೆ ಹಿಡಿದಿದ್ದವನು. ನಾಟಕವು ಮಾರಿದತ್ತನನ್ನು ಕೈಬಿಟ್ಟಾಗ, ಬದಲಾಗಿ ಹೊರಡುವ ಒಬ್ಬ ಕೇಳುಗನನ್ನೂ ಕೈಬಿಟ್ಟಿತು. ಇದು ನಷ್ಟವೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಆ ಪೀಠವನ್ನು ಖಾಲಿಬಿಟ್ಟು ಪ್ರೇಕ್ಷಕನನ್ನೇ ಅಲ್ಲಿ ಕೂರಿಸಿತೆಂಬುದು ಮೊಮ್ಮಗಳ ಅಭಿಪ್ರಾಯ. ಆಕೆಯ ಪ್ರಬಂಧಕ್ಕೆ ಬೇಕಾಗಿದ್ದ ಮಾತು ಅದೇ ಆಗಿತ್ತು. ನಾನು ಬರೆದುಕೊಟ್ಟ ಮೂರು ಪುಟಗಳಲ್ಲಿ ಅದು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ.

ಆ ಮೂರು ಪುಟಗಳ ವಿಚಾರಕ್ಕೆ ಬರುತ್ತೇನೆ. ಓದದ ಪುಸ್ತಕದ ಬಗ್ಗೆ ತೀರ್ಪು ಕೊಟ್ಟಿದ್ದು ನನ್ನ ಒಂದು ತಪ್ಪಾದರೆ, ಅದನ್ನು ಮಗುವಿನ ಹೆಸರಿನಲ್ಲಿ ಒಪ್ಪಿಸಲು ಹೇಳಿದ್ದು ಇನ್ನೊಂದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ. ಅಂದರೆ ಸುಳ್ಳು ಬರಹವನ್ನು ನಿರ್ಮಿಸುವುದು. ನಾವು ವ್ಯಾಪಾರಿಗಳು ಅದನ್ನು ಸುಳ್ಳು ಪತ್ರ, ಸುಳ್ಳು ಲೆಕ್ಕ, ಖೋಟಾ ರುಜುಗಳಿಗೆ ಮಾತ್ರ ಅನ್ವಯಿಸಿಕೊಳ್ಳುತ್ತೇವೆ. ಒಬ್ಬರು ಯೋಚಿಸಿದ್ದನ್ನು ಇನ್ನೊಬ್ಬರು ಯೋಚಿಸಿದ್ದೆಂದು ತೋರಿಸುವ ಪ್ರಬಂಧವೂ ಖೋಟಾ ರುಜುವಲ್ಲವೇ? ಈಗಂತೂ ವಿಷಯವನ್ನು ಹೇಳಿದರೆ ಕ್ಷಣದಲ್ಲಿ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳು ಮಕ್ಕಳ ಫೋನಿನೊಳಗೇ ಇವೆ. ಅವುಗಳನ್ನು ಬಯ್ಯುವ ಅರ್ಹತೆ ನನಗಿರಲಿಲ್ಲ. ಆ ಭಾನುವಾರ ರಾತ್ರಿ ನಾನೇ ಅಂಥದೊಂದು ಯಂತ್ರವಾಗಿದ್ದೆ.

ಅದಕ್ಕಿಂತಲೂ ನನ್ನನ್ನು ಕಾಡಿದ್ದು ನಾನು ಆಡಿದ ಮಾತು. 'ಯಾರಿಗೂ ನಷ್ಟವಿಲ್ಲ. ಹೆಸರಿಗೊಂದು ಪ್ರಬಂಧ ತಾನೆ.' ಇದು ಯಾರ ಮಾತು? ಚಂದ್ರಮತಿಯ ಮಾತು. ಕೋಳಿಯಲ್ಲ, ಹಿಟ್ಟು ತಾನೆ. ಬಲಿಯಲ್ಲ, ಬಲಿಯ ಹೆಸರು ತಾನೆ. ಇಷ್ಟು ವರ್ಷ ನಾನು ಚಂದ್ರಮತಿಯನ್ನು ಮೂಢಳೆಂದು ತಿಳಿದಿದ್ದೆ. ಅವಳು ಮೂಢಳಲ್ಲ, ಮಗನ ಮುಖ ಬಾಡಿದ್ದನ್ನು ನೋಡಲಾರದ ತಾಯಿ. ಮೊಮ್ಮಗಳ ಕಣ್ಣೀರನ್ನು ನೋಡಲಾರದೆ ನಾನು ಮಾಡಿದ್ದೂ ಅದನ್ನೇ. ಕ್ರೂರಿಗಳು ನಮ್ಮನ್ನು ಅಧರ್ಮಕ್ಕೆ ಕರೆದರೆ ನಾವು ಎಚ್ಚೆತ್ತುಕೊಳ್ಳುತ್ತೇವೆ. ಪ್ರೀತಿಸುವವರು ಹಿಟ್ಟಿನ ಕೋಳಿಯನ್ನು ಮುಂದೆ ಹಿಡಿದು ಕರೆದರೆ, ಯಶೋಧರನಂಥವನಿಗೂ ಇಲ್ಲವೆನ್ನುವುದು ಕಷ್ಟವಾಯಿತು. ಇಪ್ಪತ್ತು ವರ್ಷದ ನನ್ನ ಮೊಮ್ಮಗಳು ಮಾತ್ರ ಇಲ್ಲವೆಂದಳು. ಅದೂ ನನ್ನನ್ನು ನೋಯಿಸದೆ, ಒಂದು ಪ್ರಶ್ನೆ ಕೇಳುವುದರ ಮೂಲಕ.

ಇದಾದ ಕೆಲವು ವಾರಗಳಲ್ಲಿ ಆಯುಧಪೂಜೆ ಬಂತು. ನಮ್ಮ ಬೀದಿಯ ಎಲ್ಲ ಅಂಗಡಿಗಳಂತೆ ನಮ್ಮಲ್ಲಿಯೂ ಕೆಲಸದವರು ತಕ್ಕಡಿಗೂ ಸಾಮಾನಿನ ಗಾಡಿಗೂ ಪೂಜೆ ಮಾಡಿ, ಬೂದುಗುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಿ ಬಾಗಿಲ ಮುಂದೆ ಒಡೆಯುತ್ತಾರೆ. ಇದು ಪ್ರಾಣಿಬಲಿಗೆ ಬದಲಿಯಾಗಿ ಬಂದ ಆಚರಣೆಯೆಂದು ಹೇಳುತ್ತಾರೆ. ಹಾಗಾದರೆ ನನ್ನ ಅಂಗಡಿಯ ಮುಂದೆಯೇ ಪ್ರತಿ ವರ್ಷ ಹಿಟ್ಟಿನ ಕೋಳಿ ಬೀಳುತ್ತಿದೆಯಲ್ಲ ಎಂದು ಮನಸ್ಸು ಕಲಕಿತು. ನಿಲ್ಲಿಸಿಬಿಡಬೇಕೆಂದುಕೊಂಡೆ. ಆದರೆ ಓದದೆ ತೀರ್ಪು ಕೊಡುವ ಚಟದ ಫಲವನ್ನು ಆಗಷ್ಟೇ ಉಂಡಿದ್ದೆನಾದ್ದರಿಂದ, ಮೂವತ್ತು ವರ್ಷಗಳಿಂದ ನನ್ನೊಂದಿಗಿರುವ ಹಿರಿಯ ಕೆಲಸಗಾರನನ್ನು ಕರೆದು, ಕಾಯಿ ಒಡೆಯುವಾಗ ನಿನ್ನ ಮನಸ್ಸಿನಲ್ಲಿ ಏನಿರುತ್ತದೆಯಪ್ಪ ಎಂದು ಕೇಳಿದೆ. "ಏನಿರ್ತದೆ ಯಜಮಾನ್ರೇ, ಅಂಗಡಿಗೆ ದೃಷ್ಟಿ ತಾಗದೆ ಇರ್ಲಿ, ಎಲ್ಲರೂ ಚೆನ್ನಾಗಿರ್ಲಿ ಅಂತ" ಎಂದ. ಅವನ ಭಾವದಲ್ಲಿ ಕೊಲೆಯಿರಲಿಲ್ಲ. ಕುಂಕುಮದಲ್ಲಿ ರಕ್ತವನ್ನು ಕಂಡವನು ನಾನು.

ಭಾವವೇ ಪ್ರಧಾನವೆಂಬ ಸಿದ್ಧಾಂತ ಎರಡು ಕಡೆಗೂ ಹರಿಯುವಂಥದು. ನಿರ್ಜೀವವಾದ ಹಿಟ್ಟನ್ನು ಕೊಲ್ಲುವ ಭಾವದಿಂದ ಕಡಿದವನಿಗೆ ದೋಷವಿದ್ದರೆ, ಕೊಲ್ಲುವ ಭಾವವಿಲ್ಲದೆ ಕಾಯಿ ಒಡೆದವನಿಗೆ ಆ ದೋ‍ಷವನ್ನು ನಾವು ಹೊರಿಸಲಾಗದು. ದೇವತೆಯ ಹೆಸರಿನ ಇಂಥ ಕ್ರಿಯೆಯಲ್ಲಿ ಶ್ರಾವಕನಾದ ನಾನು ಭಾಗಿಯಾಗಬಹುದೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ನಾನು ದೂರ ನಿಲ್ಲುತ್ತೇನೆ. ಆದರೆ ಒಡೆದ ಹೋಳುಗಳು ರಸ್ತೆಯಲ್ಲಿಯೇ ಬಿದ್ದಿರುತ್ತವೆ. ಅವುಗಳ ಮೇಲೆ ಗಾಡಿಯ ಚಕ್ರ ಜಾರಿ ದ್ವಿಚಕ್ರ ಸವಾರರು ಬೀಳುವುದನ್ನು ಬೆಂಗಳೂರಿನವರೆಲ್ಲ ನೋಡಿದ್ದೇವೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಮುಂದಿಟ್ಟ ಪ್ರಮಾದವು ಇದೇ ಅಲ್ಲವೇ? ಆ ದಿನ ನಾನು ಮಾಡಿದ್ದು ಇಷ್ಟೇ: ಒಡೆದ ಕೂಡಲೇ ಹೋಳುಗಳನ್ನು ಗುಡಿಸಿ ಬದಿಗೆ ಹಾಕಿಸಿದೆ, ಕೊನೆಯ ಹೋಳನ್ನು ನಾನೇ ಎತ್ತಿದೆ.

ಮೊಮ್ಮಗಳ ಪ್ರಬಂಧ ಅವಳದೇ ಮಾತಿನಲ್ಲಿ ಮುಗಿಯಿತು. ಹತ್ತು ಪುಟಕ್ಕೆ ಒಂದು ಪುಟ ಕಡಿಮೆಯೇ ಆಗಿತ್ತು. ಅದರಲ್ಲಿ ನಾನು ಒಪ್ಪದ ವಾಕ್ಯಗಳಿವೆ. ಅಮೃತಮತಿಯ ಬಗ್ಗೆ ಆಕೆಗಿರುವ ಮರುಕ ನನಗೆ ಇನ್ನೂ ಪೂರ್ಣವಾಗಿ ಬಂದಿಲ್ಲ. ಕೊಡುವ ಮುನ್ನ ನನಗೆ ಓದಿ ತೋರಿಸಿದಳು. ಒಂದು ಪದವನ್ನೂ ನಾನು ತಿದ್ದಲಿಲ್ಲ. ತಿದ್ದಬೇಕೆಂದು ಕೈ ಬಯಸಿತ್ತೆಂಬುದನ್ನು ಮಾತ್ರ ಮುಚ್ಚಿಡಲಾರೆ. ನನ್ನ ಮೂರು ಪುಟಗಳಿದ್ದ ಆ ನೋಟುಪುಸ್ತಕ ಈಗ ನನ್ನ ಬಳಿಯಲ್ಲಿಯೇ ಇದೆ.

ಬರುವ ಪರ್ವದಲ್ಲಿ ಸ್ವಾಧ್ಯಾಯ ಸಭೆಯ ಮುಂದೆ ನಿಂತು, ಇಷ್ಟು ವರ್ಷ ಓದದ ಪುಸ್ತಕವನ್ನು ನಿಂದಿಸಿದೆನೆಂದು ಹೇಳಿ ಕ್ಷಮೆ ಯಾಚಿಸಬೇಕೆಂದಿದ್ದೇನೆ. ಆ ಲೇಖಕರು 2019ರಲ್ಲಿ ತೀರಿಕೊಂಡರು. ಅವರಿಗೆ ಆ ಮಾತು ತಲುಪದು. ನನ್ನಿಂದ ಅದನ್ನು ಕೇಳಿ ನಂಬಿದವರಿಗಾದರೂ ತಲುಪಬೇಕು. ಅವರಲ್ಲಿ ಎಷ್ಟು ಮಂದಿ ನಾಟಕವನ್ನು ಓದಿಯಾರೋ ಗೊತ್ತಿಲ್ಲ. ಜನ್ನನನ್ನಾದರೂ ಇನ್ನೊಮ್ಮೆ ಓದಿದರೆ ಸಾಕು; ಓದುವಾಗ ತಾವು ಅಭಯರುಚಿಯ ಪಕ್ಕದಲ್ಲಿ ನಿಂತಿದ್ದೇವೆಯೋ, ಮಾರಿದತ್ತನ ಪಕ್ಕದಲ್ಲಿಯೋ ಎಂದು ಕೇಳಿಕೊಳ್ಳಬೇಕೆಂದು ಮಾತ್ರ ನನ್ನ ವಿನಂತಿ.